ಮುಸಫ್ಫಾದ ಎಂಟನೆಯ ಪಾಲು

ಗುಣಪಾಲ ಕುಂದರರು ಸಿಟ್ಟು ಬಂದರೆ ಕೂಗಾಡುವವರಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗುತ್ತಾರೆ. ಗಾಜು ಚೊಕ್ಕವಾದ ಮೇಲೂ ಒರೆಸುತ್ತಲೇ ಇದ್ದಾರೆಂದರೆ ಎದುರಿದ್ದವನು ಜಾಗ ಖಾಲಿ ಮಾಡುವುದು ಒಳ್ಳೆಯದು. ಅಬುಧಾಬಿಯ ಹೊರವಲಯದ ಮುಸಫ್ಫಾದ ಆ ಕಾರ್ಮಿಕರ ಕ್ಯಾಂಪಿನಲ್ಲಿರುವ ಆರುನೂರು ಕೆಲಸಗಾರರಿಗೂ ಇದು ಗೊತ್ತು. ಏಕೆಂದರೆ ಅವರೇ ಅಲ್ಲಿಯ ಕ್ಯಾಂಪ್ ಬಾಸ್. ಯಾರಿಗೆ ಯಾವ ಕೋಣೆ, ಯಾರಿಗೆ ಕೆಳಗಿನ ಮಂಚ, ಎಸಿ ಕೆಟ್ಟರೆ ಯಾರನ್ನು ಕರೆಯಬೇಕು, ಬಿಹಾರದವನಿಗೂ ಪೇಶಾವರದವನಿಗೂ ಒಲೆಯ ಮುಂದೆ ಜಗಳ ಹತ್ತಿದರೆ ಯಾರ ಪಾತ್ರೆ ಮೊದಲು ಇಡಬೇಕು, ಎಲ್ಲವೂ ಅವರ ತಲೆನೋವು. ಬಾಸ್ ಎಂಬ ಹೆಸರು ದೊಡ್ಡದು, ಸಂಬಳ ಅಷ್ಟಕ್ಕಷ್ಟೆ. ಊರು ಕಾಪುವಿನ ಕಡಲ ದಡ, ವಯಸ್ಸು ಐವತ್ತೇಳು.

ಈ ವರ್ಷ ಅವರು ಕನ್ನಡಕ ಒರೆಸಿದಷ್ಟು ಹಿಂದೆಂದೂ ಒರೆಸಿರಲಿಲ್ಲ. ಅದಕ್ಕೆ ಕಾರಣ ಕಬಡ್ಡಿ.

ದುಬೈ, ಅಬುಧಾಬಿ ಕಡೆಯ ಕರಾವಳಿ ಕನ್ನಡಿಗರು ಸೇರಿ ನಡೆಸುವ ಕಬಡ್ಡಿ ಲೀಗ್ ಒಂದಿದೆ. ಸೆಕೆ ಇಳಿದ ಮೇಲೆ ಶುರುವಾಗಿ ಮತ್ತೆ ಸೆಕೆ ಏರುವ ಮೊದಲು ಮುಗಿಯುತ್ತದೆ. ಒಟ್ಟು ಎಂಟು ತಂಡ. ಅವುಗಳಲ್ಲಿ ಐದಕ್ಕೆ ಹೋಟೆಲು, ಸಾರಿಗೆ, ಕಟ್ಟಡದ ಸಾಮಾನು ಎಂದು ವ್ಯಾಪಾರ ಮಾಡುವ ದೊಡ್ಡ ಮಾಲೀಕರಿದ್ದಾರೆ. ಉಳಿದ ಮೂರಕ್ಕೆ ಮಾಲೀಕನೂ ಇಲ್ಲ, ಮಣ್ಣೂ ಇಲ್ಲ. ಆ ಮೂರರಲ್ಲಿ ಒಂದು ಮುಸಫ್ಫಾ ಮಿತ್ರರು. ಆಡುವವರು ವೆಲ್ಡರುಗಳು, ಪೈಪ್ ಫಿಟ್ಟರುಗಳು, ಅಟ್ಟಣೆ ಕಟ್ಟುವವರು. ಹಗಲೆಲ್ಲ ಕಬ್ಬಿಣ ಎತ್ತಿ ಸಂಜೆ ಮ್ಯಾಟಿನ ಮೇಲೆ ಮನುಷ್ಯರನ್ನು ಎತ್ತುವವರು. ಈ ತಂಡವನ್ನು ಕಟ್ಟಿದ್ದು, ಸಾಕಿದ್ದು, ಬೈದು ಎಬ್ಬಿಸಿದ್ದು ಗುಣಪಾಲರು.

ಮಾಲೀಕನಿಲ್ಲದ ತಂಡ ಹನ್ನೆರಡು ವರ್ಷ ಬದುಕಿದ್ದು ಒಂದೇ ಒಂದು ನಿಯಮದಿಂದ. ಬ್ಯಾನರಿನ ದುಡ್ಡು, ಟಿಕೆಟಿನ ದುಡ್ಡು, ಮೊಬೈಲಿನಲ್ಲಿ ನೇರಪ್ರಸಾರ ತೋರಿಸುವ ಕಂಪನಿ ಕೊಡುವ ದುಡ್ಡು, ಎಲ್ಲವೂ ಒಂದೇ ರಾಶಿಗೆ ಬೀಳಬೇಕು. ಖರ್ಚು ಕಳೆದು ಉಳಿದದ್ದನ್ನು ಎಂಟು ಪಾಲು ಮಾಡಬೇಕು. ಗೆದ್ದವನಿಗೂ ಒಂದು, ಸೋತವನಿಗೂ ಒಂದು. ಹೋಟೆಲಿನ ತಂಡಕ್ಕೂ ಒಂದು, ವೆಲ್ಡರುಗಳ ತಂಡಕ್ಕೂ ಒಂದು. ಅಭ್ಯಾಸಕ್ಕೆ ಹಾಲ್ ಬಾಡಿಗೆ, ಅಂಗಿ ಚಡ್ಡಿ, ಮೊಣಕಾಲು ತಿರುಚಿದವನ ಎಕ್ಸ್‌ರೇ, ಎಲ್ಲ ಆ ಪಾಲಿನಿಂದಲೇ ನಡೆಯುತ್ತಿತ್ತು.

ಈ ನಿಯಮವನ್ನು ಲೀಗಿಗೆ ತಂದವರು ಗುಣಪಾಲರೇ. ಅವರಿಗೆ ಈ ಬುದ್ಧಿ ಬಂದ ದಾರಿ ಸ್ವಲ್ಪ ವಿಚಿತ್ರ. ಅವರ ಕಂಪನಿಯಲ್ಲಿ ಡ್ವೇನ್ ಎಂಬ ಅಮೆರಿಕದ ಸೇಫ್ಟಿ ಮ್ಯಾನೇಜರ್ ಇದ್ದ. ಬಾಗಿಲಿನಷ್ಟು ಅಗಲದ ಆಳು. ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಕ್ಯಾಂಪಿನ ಟೀವಿ ಕೋಣೆಗೆ ಬಂದು ತನ್ನ ದೇಶದ ಫುಟ್‌ಬಾಲ್ ಹಾಕಿಕೊಂಡು ಕೂರುತ್ತಿದ್ದ. ಹೆಸರು ಫುಟ್‌ಬಾಲ್, ಆಡುವುದೆಲ್ಲ ಕೈಯಲ್ಲಿ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವುದನ್ನು ನೋಡಿ ಕ್ಯಾಂಪಿನ ಹುಡುಗರು ನಗುತ್ತಿದ್ದರು. "ಇದೆಂಥ ಆಟ ಮಾರಾಯ, ಒಂದು ಮಿನಿಟ್ ಹೊಡೆದಾಟ, ಐದು ಮಿನಿಟ್ ಮೀಟಿಂಗ್" ಎಂದು ಗುಣಪಾಲರೂ ನಕ್ಕಿದ್ದರು. ಆದರೆ ಡ್ವೇನ್ ಒಂದು ದಿನ ಹೇಳಿದ ಮಾತು ಅವರ ಕಿವಿಗೆ ಅಂಟಿಕೊಂಡಿತು. ಅವನ ಊರಿನ ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ. ಉಡುಪಿಗಿಂತ ಚಿಕ್ಕದು. ಆ ಊರಿಗೂ ಒಂದು ತಂಡ, ನ್ಯೂಯಾರ್ಕಿಗೂ ತಂಡ. ಟೀವಿ ಕಂಪನಿಗಳು ಕೊಡುವ ಕೋಟಿಗಟ್ಟಲೆ ಡಾಲರಿನಲ್ಲಿ ಎರಡೂ ಊರಿಗೆ ಸಮಪಾಲು. ಅರುವತ್ತರ ದಶಕದಲ್ಲಿ ದೊಡ್ಡ ಊರಿನ ಮಾಲೀಕರೇ ಕೂತು ಇದಕ್ಕೆ ಒಪ್ಪಿದರಂತೆ. ಎದುರಾಳಿಯೇ ಸತ್ತುಹೋದರೆ ಆಡುವುದು ಯಾರ ಜೊತೆ, ಎಂದು ಡ್ವೇನ್ ಕೇಳಿದ.

ಗುಣಪಾಲರಿಗೆ ನೆನಪಾದದ್ದು ರಂಪಣಿ. ಅವರ ಅಪ್ಪ ರಂಪಣಿ ಬಲೆಯವರು. ದಡದಲ್ಲಿ ನಿಂತು ಎರಡೂ ಕಡೆಯಿಂದ ಊರಿಗೆ ಊರೇ ಹಗ್ಗ ಎಳೆಯಬೇಕು. ಬಂಗುಡೆ, ಬೂತಾಯಿ ರಾಶಿ ಬಿದ್ದ ದಿನ ದಡದಲ್ಲೇ ಪಾಲು. ಹಗ್ಗಕ್ಕೆ ಕೈ ಕೊಟ್ಟ ಮನೆಗೆ ಪಾಲಿಲ್ಲ ಎಂಬುದಿಲ್ಲ. ಆಮೇಲೆ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಬಾಚಿದವು. ಬೋಟು ಕೊಂಡವರು ಬಂಗಲೆ ಕಟ್ಟಿದರು, ಹಗ್ಗ ಹಿಡಿದವರು ಬೊಂಬಾಯಿಗೆ ಹೋಟೆಲು ಕೆಲಸಕ್ಕೆ ಹೋದರು. ಆಗ ಗುಣಪಾಲರು ನಾಲ್ಕನೇ ಕ್ಲಾಸು. ಬಲೆ ಒಣಗಲು ಹಾಕುತ್ತಿದ್ದ ಜಾಗದಲ್ಲಿ ಅಪ್ಪ ಸುಮ್ಮನೆ ಕೂತಿರುತ್ತಿದ್ದದ್ದನ್ನು ಅವರು ಈಗಲೂ ಸಿಟ್ಟಿಲ್ಲದೆ ಹೇಳಲಾರರು.

ಹನ್ನೆರಡು ವರ್ಷದ ಹಿಂದೆ ಲೀಗು ಮುಳುಗುವ ಹಂತದಲ್ಲಿತ್ತು. ಎರಡು ತಂಡಗಳು ಕೈಬಿಟ್ಟಿದ್ದವು. ಆಗ ಗುಣಪಾಲರು ಸಭೆಯಲ್ಲಿ ಎದ್ದುನಿಂತು ಅಮೆರಿಕದ ಫುಟ್‌ಬಾಲನ್ನೂ ಕಾಪುವಿನ ರಂಪಣಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು. ಅಧ್ಯಕ್ಷ ಭೋಜರಾಜರೇ ಅವತ್ತು ಮೊದಲು ಒಪ್ಪಿದವರು. ದುಬೈಯಲ್ಲಿ ಮೂರು ಹೋಟೆಲಿನ ಧಣಿ, ದೊಡ್ಡ ತಂಡದ ಮಾಲೀಕರು. "ಗುಣಪಾಲಣ್ಣ ಹೇಳಿದ್ದು ಸರಿ ಉಂಟು. ಎಲ್ಲರೂ ಬದುಕುವ" ಎಂದಿದ್ದರು. ಬಡತನದಲ್ಲಿ ಎಲ್ಲರಿಗೂ ಸಮಪಾಲು ರುಚಿಸುತ್ತದೆ. ದುಡ್ಡು ಬಂದ ಮೇಲೆ ತಾನೆ ಬಣ್ಣ ಬಯಲಾಗುವುದು.

ದುಡ್ಡು ಬಂತು. ನೇರಪ್ರಸಾರದ ಕಂಪನಿ ಕಳೆದ ವರ್ಷ ಹಿಂದಿನದರ ಮೂರು ಪಟ್ಟು ಕೊಟ್ಟಿತು. ಹಾಲ್ ತುಂಬಿ, ಸೀಟಿ ಮುಗಿಲು ಮುಟ್ಟಿ, ಊರಿನಲ್ಲಿ ಕೂತವರೂ ಮೊಬೈಲಿನಲ್ಲಿ ನೋಡತೊಡಗಿದ್ದರು. ಆ ಹಾಲ್ ತುಂಬುತ್ತಿದ್ದವರು ಯಾರು? ದುಬೈಯ ಅಲ್ ಬರ್ಷಾದ ಫ್ಲ್ಯಾಟಿನ ಉಳ್ಳವರು ಫೈನಲ್ಲಿಗೆ ಮಾತ್ರ ಬರುತ್ತಾರೆ, ಅದೂ ಮುಂದಿನ ಸೋಫಾ ಕಾದಿರಿಸಿದ್ದರೆ. ಪ್ರತಿ ಭಾನುವಾರ ಹಾಲ್ ತುಂಬಿಸುವುದು ಮುಸಫ್ಫಾದಿಂದ ಹೋಗುವ ನಾಲ್ಕು ಬಸ್ಸು. ಮ್ಯಾನೇಜರನ ಕೈಕಾಲು ಹಿಡಿದು ಕಂಪನಿಯ ಬಸ್ಸು ಕೇಳಿ ಪಡೆಯುವವರು ಗುಣಪಾಲರು. ಇಷ್ಟನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಅರ್ಥವಾಗುತ್ತದೆ.

ಈ ಸಲ ಸೀಸನ್ನಿಗೆ ಎರಡು ತಿಂಗಳಿರುವಾಗ ಭೋಜರಾಜರು ತಂಡದ ಮುಖ್ಯಸ್ಥರನ್ನು ಅಲ್ ಬರ್ಷಾದ ತಮ್ಮ ಆಫೀಸಿಗೆ ಕರೆಸಿದರು. ಅಲ್ಲಿ ನಿಶಾಂತ್ ಎಂಬ ಹೊಸಬ. ಮೈಸೂರಿನ ಹುಡುಗ, ಕ್ರೀಡಾ ಹಣಕಾಸಿನ ಸಲಹೆಗಾರ. ಭೋಜರಾಜರು ಸಂಬಳ ಕೊಟ್ಟು ತಂದವನು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟು ಮಾತಿಗೆ ಶುರುಮಾಡಿದ.

"ಸರ್, ನಿಮ್ಮ ಮಾಡೆಲ್ಲು ಅಮೆರಿಕನ್ ಫುಟ್‌ಬಾಲಿಂದು ಅಂತ ಕೇಳ್ಪಟ್ಟೆ. ಸೂಪರ್. ಆದ್ರೆ ನೀವು ಅರ್ಧ ಮಾತ್ರ ನೋಡಿದೀರ. ಅಲ್ಲಿ ಟೀವಿ ದುಡ್ಡು ಮೂವತ್ತೆರಡು ಪಾಲು, ಸರಿ. ಆದ್ರೆ ಸ್ಟೇಡಿಯಮ್ಮಿನ ದುಬಾರಿ ಬಾಕ್ಸ್ ಸೀಟು, ಪಾರ್ಕಿಂಗು, ಸ್ಟೇಡಿಯಂ ಮೇಲೆ ಹಾಕೋ ಕಂಪನಿ ಹೆಸರು, ಇದೆಲ್ಲ ತಂಡದ್ದೇ. ಹಂಚೋ ಹಾಗಿಲ್ಲ. ಈಗ ಬೆಳೀತಿರೋದೇ ಆ ದುಡ್ಡು. ಹೂಡಿಕೆ ಕಂಪನಿಗಳಿಗೂ ಬಾಗಿಲು ತೆಗ್ದಿದಾರೆ. ದೊಡ್ಡ ಮಾಲೀಕರು ಕೇಳ್ತಿದಾರೆ, ನಾವು ದುಡಿದು ಸಣ್ಣೋರನ್ನ ಯಾಕೆ ಸಾಕ್ಬೇಕು ಅಂತ. ಫ್ಯೂಚರ್ ಅಲ್ಲಿದೆ ಸರ್. ಯಾರು ತರ್ತಾರೋ ಅವ್ರಿಗೇ ಗಳಿಕೆ."

ಗುಣಪಾಲರು ಕನ್ನಡಕ ತೆಗೆದರು. "ಅಲ್ಲ ಮಾರಾಯ್ರೆ, ಅವರು ಅಷ್ಟು ದೊಡ್ಡ ಆದದ್ದು ಹಂಚಿ ಅಲ್ವಾ? ಅರುವತ್ತು ವರ್ಷ ಹಂಚಿ ಹಂಚಿ ಬೆಳೆದರು. ಈಗ ಹೊಟ್ಟೆ ತುಂಬಿದ ಮೇಲೆ ಬಾಕ್ಸಿನ ದುಡ್ಡು ಬೇರೆ, ಪಾರ್ಕಿಂಗಿನ ದುಡ್ಡು ಬೇರೆ. ಅದರಿಂದ ಅಲ್ಲಿ ಜಗಳ ಆಗ್ತಾ ಉಂಟಲ್ಲ, ಅದನ್ನು ಯಾಕೆ ತೋರಿಸುದಿಲ್ಲ ನೀವು? ಏಣಿ ಹತ್ತಿದ ಮೇಲೆ ಒದೆಯುದು ಫ್ಯೂಚರಾ?"

ನಿಶಾಂತ್ ಕೆಟ್ಟವನಲ್ಲ. ನೀರು ಕುಡಿದು ಗೋಡೆಯ ಮೇಲಿನ ಚಿತ್ರ ಆರಿಸಿದ. ದುಬೈಯ ಮುಹೈಸ್ನಾ ತಂಡದ ಮುಖ್ಯಸ್ಥ, ಬಾವ ಎಂಬ ಹೆಸರಿನವರು, ಮೇಜು ಕುಟ್ಟಿದರು. ಬಣ್ಣ ಬಳಿಯುವ ಕಂಪನಿಯ ಫೋರ್‌ಮನ್, ಅವರ ತಂಡವೂ ಕ್ಯಾಂಪಿನದೇ. "ನಮ್ಮ ಹುಡುಗರಿಗೆ ಆ ಪಾಲು ಇಲ್ಲದಿದ್ರೆ ಖಲಾಸ್, ಭೋಜಣ್ಣ. ಮತ್ತೆ ನಾವು ಐದು ತಂಡದ ಆಟ ನೋಡ್ಲಿಕ್ಕೆ ಬರುದಾ?" ಎಂದರು. ಮಾಲೀಕರಿರುವ ಐದರಲ್ಲಿಯೂ ಇಬ್ಬರು ತಲೆ ತಗ್ಗಿಸಿದರು. ಲೆಕ್ಕ ತಪ್ಪುತ್ತಿದೆ ಎಂದು ಭೋಜರಾಜರಿಗೆ ಅನ್ನಿಸಿರಬೇಕು. ನಗುತ್ತ ಎದ್ದರು. "ಈಗ ಬೇಡ ಬಿಡಿ. ಮಹಾಸಭೆಯಲ್ಲಿ ಮಾತಾಡುವ. ಗುಣಪಾಲಣ್ಣ ಇದ್ದಾರಲ್ಲ, ಅವರನ್ನು ಬಿಟ್ಟು ನಾವು ಎಂಥ ಮಾಡ್ಲಿಕ್ಕುಂಟು?"

ವಾರ ಕಳೆದು ಅವರದೇ ಫೋನ್ ಬಂತು. ಮಹಾಸಭೆಯಲ್ಲಿ ಗುಣಪಾಲರಿಗೆ ಸನ್ಮಾನ. ಹನ್ನೆರಡು ವರ್ಷದ ಸೇವೆಗೆ. ಹೆಂಡತಿ ರಾಜೀವಿಯನ್ನೂ ವೇದಿಕೆಗೆ ಕರೆತರಬೇಕು.

ರಾಜೀವಿ ಪಕ್ಕದ ಶಾಬಿಯಾದ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ನಿನಲ್ಲಿರುವವರು. ಬಾಯಿ ತೆರೆಸುವ ಮೊದಲು ವೈದ್ಯರು ಎಷ್ಟು ಸಿಹಿಯಾಗಿ ಮಾತಾಡುತ್ತಾರೆಂದು ದಿನಾ ನೋಡುವವರು. ಸುದ್ದಿ ಕೇಳಿ ಅವರಿಗೆ ಖುಷಿಯಾಗಲಿಲ್ಲ.

"ಕೇಳಿದ್ರಾ, ಹನ್ನೆರಡು ವರ್ಷ ನೆನಪಾಗದ್ದು ಈಗ ಯಾಕೆ ನೆನಪಾಯ್ತು ಅವರಿಗೆ?"

"ನಿನಗೆ ಎಲ್ಲದರಲ್ಲೂ ಸಂಶಯ."

"ನನಗೆ ಸಂಶಯ, ನಿಮಗೆ ಶಾಲು. ಮೂಗಿಗೆ ತುಪ್ಪ ಸವರಿದ್ರೆ ವಾಸನೆ ನಿಮಗೇ ಮೊದಲು ಬರ್ಬೇಕಿತ್ತು."

ಗುಣಪಾಲರು ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿಕೊಂಡರು. ಆಸೆ ಯಾರನ್ನು ಬಿಟ್ಟಿದೆ? ಮೂವತ್ತು ವರ್ಷ ಗಲ್ಫಿನಲ್ಲಿ ದುಡಿದವನಿಗೆ ಹಣ ಸಿಗಬಹುದು, ಊರಿನಲ್ಲಿ ಮನೆಯಾಗಬಹುದು, ಆದರೆ ತುಂಬಿದ ಸಭೆಯಲ್ಲಿ ಒಬ್ಬರು ಮೈಕಿನಲ್ಲಿ ಅವನ ಹೆಸರು ಹೇಳುವುದು ಸಣ್ಣ ವಿಷಯವಲ್ಲ. ತನ್ನ ತಂಡದವರನ್ನೆಲ್ಲ ಒಂದು ಬಸ್ಸಿನಲ್ಲಿ ಕರೆದುಕೊಂಡೇ ಹೋದರು. ಸ್ಟಾರ್ ರೇಡರ್ ಕೀರ್ತನ್ ದಾರಿಯುದ್ದಕ್ಕೂ ಅವರನ್ನು ತಮಾಷೆ ಮಾಡಿದ. ಇಪ್ಪತ್ತಾರರ ಪೈಪ್ ಫಿಟ್ಟರ್, ಕಾಲಿಗೆ ಸ್ಪ್ರಿಂಗ್ ಇಟ್ಟುಕೊಂಡು ಹುಟ್ಟಿದವನು. "ಅಣ್ಣ, ಹಣ್ಣಿನ ಬುಟ್ಟಿಯಲ್ಲಿ ಅನಾನಸು ನಮಗೆ" ಎಂದ.

ಸನ್ಮಾನ ಹೇಗಿರುತ್ತದೆಂದು ಕರಾವಳಿಯವರಿಗೆ ವಿವರಿಸಬೇಕಿಲ್ಲ. ಎತ್ತರದ ಕುರ್ಚಿ, ಶಾಲು, ಮೈಸೂರು ಪೇಟ, ಹಾರ, ಫಲವಸ್ತು, ಗಾಜಿನ ಪೆಟ್ಟಿಗೆಯಲ್ಲಿ ಸ್ಮರಣಿಕೆ. ಅಭಿನಂದನ ಪತ್ರ ಓದುವವನ ಕಂಠ ನಡುಗುತ್ತಿರಬೇಕು. ಪೇಟ ಹಾಕಿಸಿಕೊಂಡವನು ಕುರ್ಚಿಯಲ್ಲಿ ಬೊಂಬೆಯಂತೆ ಕೂರಬೇಕು, ಕೈ ಮುಗಿಯಬೇಕು, ಮೈಕು ಕೊಟ್ಟರೆ "ಇದು ನನಗೆ ಮಾಡಿದ ಸನ್ಮಾನವಲ್ಲ, ನಿಮಗೆ ಮಾಡಿದ್ದು" ಎನ್ನಬೇಕು. ಅಷ್ಟೇ. ಅಲ್ಲಿ ಕೂತು ವಾದ ಮಾಡಿದವನು ಈವರೆಗೆ ಹುಟ್ಟಿಲ್ಲ.

ನಿರೂಪಕ ಪತ್ರ ಓದಿದ. ಅದರಲ್ಲಿ ಕಡಲಿತ್ತು, ಬೆವರಿತ್ತು, ತ್ಯಾಗವಿತ್ತು. ಕೊನೆಗೆ ದನಿ ಏರಿಸಿದ. "ಇಂಥ ಮಹನೀಯರ ಮಾರ್ಗದರ್ಶನದಲ್ಲಿ ಬೆಳೆದ ನಮ್ಮ ಲೀಗ್ ಈ ಋತುವಿನಿಂದ ಹೊಸ ಹಣಕಾಸು ನೀತಿಯನ್ನು ಅಳವಡಿಸಿಕೊಳ್ಳುತ್ತಿದ್ದು, ಪ್ರತಿ ತಂಡವೂ ತಾನು ತಂದ ಆದಾಯವನ್ನು ತಾನೇ ಇಟ್ಟುಕೊಳ್ಳುವ ಸ್ವಾವಲಂಬನೆಯ ಈ ನಿರ್ಣಯವನ್ನೂ, ನಮ್ಮ ಗುಣಪಾಲಣ್ಣನನ್ನೂ ತಾವೆಲ್ಲರೂ ಎದ್ದು ನಿಂತು ಜೋರಾದ ಕರತಾಡನದೊಂದಿಗೆ ಅನುಮೋದಿಸಬೇಕು, ಅಭಿನಂದಿಸಬೇಕು!"

ಸಭೆ ಎದ್ದು ನಿಂತಿತು. ಹಿಂದಿನ ಸಾಲಿನಿಂದ ಮುಸಫ್ಫಾದ ಹುಡುಗರು ಎಲ್ಲರಿಗಿಂತ ಮೊದಲು ಎದ್ದರು. ತಮ್ಮ ಅಣ್ಣನಿಗೆ ಸನ್ಮಾನ, ಸೀಟಿ ಹೊಡೆಯದಿರುತ್ತಾರೆಯೇ? ಕೀರ್ತನ್ ಕುರ್ಚಿಯ ಮೇಲೆ ಹತ್ತಿ ಚಪ್ಪಾಳೆ ಹೊಡೆದ. ಪೇಟದ ಅಂಚು ಕಿವಿಗೆ ಇಳಿದಿತ್ತು, ಮೈಕಿನ ಸದ್ದು ಗುಂಯ್ ಎನ್ನುತ್ತಿತ್ತು. ಗುಣಪಾಲರಿಗೆ 'ನಿರ್ಣಯ' ಎಂದದ್ದು ಕೇಳಿಸಿತು, ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆ ಕ್ಷಣದಲ್ಲಿ ಅವರು ಅಭ್ಯಾಸಬಲದಿಂದ ಎರಡೂ ಕೈ ಜೋಡಿಸಿ ಸಭೆಗೆ ನಮಸ್ಕರಿಸಿಬಿಟ್ಟಿದ್ದರು.

ಅರ್ಥವಾದಾಗ ರಾಷ್ಟ್ರಗೀತೆ ಶುರುವಾಗಿತ್ತು.

ರಾಜೀವಿ ವೇದಿಕೆಯ ಮೇಲೆ ಅವರ ಪಕ್ಕದಲ್ಲೇ ನಿಂತಿದ್ದರು. ಗಂಡನ ಮುಖ ಕೆಂಪೇರಿದ್ದನ್ನು ಕಂಡರು. ಅನಾನಸು ಇದ್ದ ಬುಟ್ಟಿಯನ್ನು ಮಾತ್ರ ಎತ್ತಿಕೊಳ್ಳದೆ ಅಲ್ಲೇ ಬಿಟ್ಟು ಇಳಿದರು.

ಊಟದ ಸಾಲಿನಲ್ಲಿ ಗುಣಪಾಲರು ಭೋಜರಾಜರನ್ನು ಹಿಡಿದರು. "ಇದು ಮೋಸ."

"ಎಂಥ ಮೋಸ ಗುಣಪಾಲಣ್ಣ? ಮಹಾಸಭೆ ಅನುಮೋದನೆ ಕೊಟ್ಟಿದೆ. ನಿಮ್ಮ ಹುಡುಗರೇ ಮೊದಲು ಎದ್ದದ್ದು. ವಿಡಿಯೋ ಉಂಟು. ನೀವು ಕೈ ಮುಗಿದದ್ದೂ ಉಂಟು." ಅವರ ತಟ್ಟೆಗೆ ತಾವೇ ಒಂದು ನೀರುದೋಸೆ ಹಾಕಿದರು. "ಸನ್ಮಾನ ತಗೊಂಡು ಜಗಳ ಆಡಿದ್ರೆ ಜನ ಎಂಥ ಹೇಳ್ಲಿಕ್ಕಿಲ್ಲ? ತಿನ್ನಿ, ತಿನ್ನಿ."

ಗುಣಪಾಲರು ತಟ್ಟೆಯನ್ನು ಹಾಗೆಯೇ ಮೇಜಿನ ಮೇಲಿಟ್ಟು ಹೊರಗೆ ಬಂದರು. ಮೈಯೆಲ್ಲ ಉರಿಯುತ್ತಿತ್ತು. ಬೋಟಿನವರು ಕನಿಷ್ಠ ಕಡಲಿನಲ್ಲಿ ಕದ್ದರು. ಇವರು ತನ್ನ ತಲೆಗೆ ಪೇಟ ಇಟ್ಟು, ತನ್ನ ಮಕ್ಕಳಂಥವರ ಕೈಯಿಂದಲೇ ಅವರ ಪಾಲು ಕತ್ತರಿಸಿಕೊಂಡರು. ಭೋಜರಾಜರ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚಾಗಿ ತನ್ನ ಎರಡು ಕೈಗಳ ಮೇಲೆ ಸಿಟ್ಟು ಬಂತು. ಮುಗಿಯುವ ಮೊದಲು ಒಂದು ಕ್ಷಣ ತಡೆಯಬಾರದಿತ್ತೇ?

ಮುಂದಿನ ವಾರಗಳಲ್ಲಿ ಎಲ್ಲವೂ ಹೆದರಿದಂತೆಯೇ ಆಯಿತು. ನೇರಪ್ರಸಾರದ ಒಪ್ಪಂದ 'ಪ್ರಮುಖ ತಂಡ'ಗಳ, ಅಂದರೆ ಮಾಲೀಕರಿರುವ ಐದರ, ಹೆಸರಿಗೆ ಹೋಯಿತು. ಅಭ್ಯಾಸದ ಹಾಲಿನವನು ಮುಂಗಡ ಕೇಳಿದ, ಮುಸಫ್ಫಾ ಮಿತ್ರರ ಹತ್ತಿರ ಕೊಡಲು ಏನೂ ಇರಲಿಲ್ಲ. ಕೀರ್ತನ್‌ಗೆ ಭೋಜರಾಜರ ತಂಡದಿಂದ ಕರೆ ಬಂತು, ಹೋಟೆಲಿನಲ್ಲಿ ಕೆಲಸ, ಬೇರೆ ವೀಸಾ. ಮೂರನೆಯ ಕ್ಯಾಂಪ್ ತಂಡ ಆಗಲೇ ಹಿಂದೆ ಸರಿಯಿತು. ಬಾವ ಫೋನ್ ಮಾಡಿ, "ಗುಣಪಾಲಣ್ಣ, ನಮ್ಮದು ಈ ವರ್ಷಕ್ಕೆ ಆಯ್ತು. ಮುಂದಿನದ್ದು ದೇವರಿಗೆ ಗೊತ್ತು" ಎಂದರು. ಬಾವ ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ.

ಮೊದಲ ಪಂದ್ಯಕ್ಕೆ ಹತ್ತು ದಿನವಿರುವಾಗ ನಿಶಾಂತ್ ಕರೆಮಾಡಿದ. ಪ್ರಾಯೋಜಕರಿಗೆ ಹಾಲ್ ತುಂಬಿರಬೇಕು, ಕ್ಯಾಮೆರಾದಲ್ಲಿ ಖಾಲಿ ಕುರ್ಚಿ ಕಂಡರೆ ಒಪ್ಪಂದ ಕೆಡುತ್ತದೆ. "ಸರ್, ಬಸ್ಸು ಮಾಮೂಲಿ ತರ ಬರುತ್ತಲ್ವಾ?"

ಗುಣಪಾಲರಿಗೆ ಆಗ ತಲೆಯಲ್ಲಿ ದೀಪ ಹತ್ತಿತು. "ನಿಶಾಂತ್, ನಿಮ್ಮ ಹೊಸ ನಿಯಮ ಎಂಥದು? ಯಾರು ತರ್ತಾರೋ ಅವರಿಗೇ ಗಳಿಕೆ, ಅಲ್ವಾ? ಜನ ತರುದು ನಾನು. ಹಾಗಾದರೆ ಜನರಿಂದ ಬಂದ ದುಡ್ಡು ಯಾರದ್ದು?"

ಆ ಕಡೆ ಕ್ಯಾಲ್ಕುಲೇಟರಿನ ಗುಂಡಿ ಒತ್ತಿದ ಸದ್ದು. ಆಮೇಲೆ ಹುಡುಗ ನಿಜವಾಗಿಯೂ ಖುಷಿಪಟ್ಟ. "ಸರ್, ಕರೆಕ್ಟ್! ಮಾತಾಡ್ತೀನಿ ಭೋಜರಾಜ್ ಸರ್ ಹತ್ರ." ಅರ್ಧ ಗಂಟೆಯಲ್ಲೇ ಉತ್ತರ ಬಂತು. ಮುಸಫ್ಫಾ ಮಿತ್ರರಿಗೆ ಪ್ರತ್ಯೇಕ ಗೌರವಧನ. ಹಳೆಯ ಪಾಲಿಗಿಂತ ಜಾಸ್ತಿ. ಭೋಜರಾಜರೇ ಲೈನಿಗೆ ಬಂದು ನಕ್ಕರು. "ಈಗ ನೋಡಿ, ನೀವೂ ವ್ಯಾಪಾರ ಕಲಿತ್ರಿ. ನಮ್ಮವರಾದ್ರಿ."

ಆ ಕೊನೆಯ ಮಾತು ಬಾಯಿಂದ ಬಾರದಿದ್ದರೆ ಗುಣಪಾಲರು ಹೂಂ ಎಂದುಬಿಡುತ್ತಿದ್ದರೇನೋ. ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ 'ನಮ್ಮವರು' ಎಂದದ್ದು ಕೆನ್ನೆಗೆ ಬಿದ್ದಂತಾಯಿತು. ಅಪ್ಪನ ಜೊತೆ ಒಂದೇ ಹಗ್ಗ ಎಳೆದವರೊಬ್ಬರು ಒಂದು ಬೆಳಿಗ್ಗೆ ಪರ್ಸೀನ್ ಬೋಟಿನಲ್ಲಿ ಪಾಲುದಾರರಾಗಿ ಕೂತದ್ದು, ಅಪ್ಪ ಅವರ ಮುಖ ನೋಡುವುದನ್ನು ಬಿಟ್ಟದ್ದು ನೆನಪಾಯಿತು. ಮುಸಫ್ಫಾಕ್ಕೆ ದುಡ್ಡು, ಬಾವನ ಹುಡುಗರಿಗೆ ಸೊನ್ನೆ. ಹಾಗಾದರೆ ತಾನು ಯಾರು?

"ಎಂಟು ಪಾಲು ಮಾಡಿ, ಬಸ್ಸು ಬರ್ತದೆ. ಇಲ್ಲದಿದ್ರೆ ಇಲ್ಲ."

"ಆಗುದಿಲ್ಲ ಗುಣಪಾಲಣ್ಣ."

"ಹಾಗಾದ್ರೆ ಬಸ್ಸೂ ಆಗುದಿಲ್ಲ."

ರಾಜೀವಿ ಅಡುಗೆಮನೆಯಿಂದ ಬಂದು ಅವರ ಮುಂದೆ ಒಂದು ಲೋಟ ಚಾ ಇಟ್ಟರು.

ಮೊದಲ ಪಂದ್ಯದ ಭಾನುವಾರ ಬಂತು. ಮಧ್ಯಾಹ್ನ ಎರಡಕ್ಕೆ ಕ್ಯಾಂಪಿನ ಗೇಟಿನ ಮುಂದೆ ಇನ್ನೂರು ಜನ. ಸ್ನಾನ ಮಾಡಿ, ಸೆಂಟು ಹಾಕಿ, ಜೀನ್ಸ್ ತೊಟ್ಟು ನಿಂತವರು. ಅವರಲ್ಲಿ ಅರ್ಧ ಜನರಿಗೆ ಕನ್ನಡವೇ ಬಾರದು. ಅವರಿಗೆ ಕಬಡ್ಡಿ ಬರುತ್ತದೆ, ಭಾನುವಾರ ಬರುತ್ತದೆ. ವಾರದಲ್ಲಿ ಒಂದು ದಿನ ಗೋಡೆಯಾಚೆ ಹೋಗಿ ಗಂಟಲು ಹರಿಯುವಂತೆ ಕೂಗುವುದು ಅವರ ಒಂದೇ ಐಷಾರಾಮ. ಗುಣಪಾಲರು ಗೇಟಿನಲ್ಲಿ ನಿಂತು ಬಸ್ಸಿಲ್ಲ ಎಂದರು. ಲೀಗಿನವರು ಮೋಸ ಮಾಡಿದರು, ಅದಕ್ಕೆ ನಿಲ್ಲಿಸಿದೆ ಎಂದರು.

ಬೈಗುಳ ನಾಲ್ಕು ಭಾಷೆಯಲ್ಲಿ ಬಿತ್ತು. ಎಲ್ಲರಿಗಿಂತ ಮುಂದೆ ಬಂದವನು ಕೀರ್ತನ್. ಹೋಟೆಲಿನ ಕೆಲಸಕ್ಕೆ ಇನ್ನೂ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ.

"ಅಣ್ಣ, ನಮ್ಮನ್ನೊಂದು ಮಾತು ಕೇಳಿದ್ರಾ ನೀವು? ಅವರು ಚಪ್ಪಾಳೆ ಹೊಡೆಸಿ ಮುಗಿಸಿದ್ರು. ನೀವು ಬಸ್ಸು ನಿಲ್ಲಿಸಿ ಮುಗಿಸಿದ್ರಿ. ವ್ಯತ್ಯಾಸ ಎಂಥ? ನಾವು ಕುರಿಗಳಾ? ಒಬ್ಬ ತುಂಬಿಸುದು, ಒಬ್ಬ ಇಳಿಸುದು?"

ಗುಣಪಾಲರ ಕೈ ಕನ್ನಡಕಕ್ಕೆ ಹೋಯಿತು. ಈ ಸಲ ಯಾರೂ ಜಾಗ ಖಾಲಿ ಮಾಡಲಿಲ್ಲ. ಅವರಿಗೆ ಉತ್ತರ ಕೊಡಬೇಕೆನ್ನಿಸಿತು, ಹನ್ನೆರಡು ವರ್ಷ ನಿಮಗಾಗಿ ದುಡಿದೆ ಎನ್ನಬೇಕೆನ್ನಿಸಿತು. ಹುಡುಗ ಹೇಳಿದ್ದು ನಿಜವಾದ್ದರಿಂದ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಭೋಜರಾಜರು. ಗುಣಪಾಲರು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಕೈ ಎತ್ತಿ ಹಿಡಿದರು.

"ಗುಣಪಾಲಣ್ಣ, ಹಾಲ್ ಖಾಲಿ ಉಂಟು ಮಾರಾಯ್ರೆ! ಪ್ರಾಯೋಜಕರು ಕೂತಿದ್ದಾರೆ, ಮರ್ಯಾದೆ ಹೋಗ್ತದೆ. ನಿಮ್ಮ ಹಠ ಸಾಕು. ಬಸ್ಸು ನಾನೇ ಕಳಿಸ್ತೇನೆ. ಆ ಕ್ಯಾಂಪಿನ ಜನಕ್ಕೆ ತಲೆಗೆ ಇಪ್ಪತ್ತು ದಿರ್ಹಂ, ಒಂದು ಬಿರಿಯಾನಿ ಪೊಟ್ಟಣ. ಅದಕ್ಕಿಂತ ಜಾಸ್ತಿ ಅವರಿಗೆ ಎಂಥ ಬೇಕು? ತುಂಬಿಸಿ ಕಳಿಸಿ ಬೇಗ, ಯಲ್ಲಾ!"

ಕನ್ನಡ ತಿಳಿದವರು ಫೋನಿನ ಕಡೆ ನೋಡಿದರು. ತಿಳಿಯದವರು ಕೀರ್ತನ್‌ನ ಮುಖ ನೋಡಿದರು. ಕೀರ್ತನ್ ಹಿಂದಿಯಲ್ಲಿ, ಒಂದು ಮಾತೂ ಬಿಡದೆ, ತಲೆಯ ಬೆಲೆ ಮತ್ತು ಬಿರಿಯಾನಿ ಸಮೇತ ಹೇಳಿದ. ಹಿಂದಿನ ಸಾಲಿನಲ್ಲಿ ಯಾರೋ ಕ್ಯಾಕರಿಸಿ ಉಗುಳಿದರು.

"ಗುಣಪಾಲಣ್ಣ? ಲೈನಿನಲ್ಲಿ ಇದ್ದೀರಾ?"

"ಇದ್ದೇನೆ. ನಿಲ್ಲಿ ಸ್ವಲ್ಪ. ಈ ಸಲ ಕೇಳಿ ಹೇಳ್ತೇನೆ" ಎಂದು ಗುಣಪಾಲರು ಫೋನ್ ಕೆಳಗಿಳಿಸದೆಯೇ ಜನರ ಕಡೆ ತಿರುಗಿದರು. ಹಿಂದಿಯಲ್ಲಿ ಹೇಳಿದರು. ಹೋಗಬೇಕು ಎನ್ನುವವರು ಕೈ ಎತ್ತಿ, ನನಗೆ ಬೇಸರವಿಲ್ಲ, ಬಸ್ಸು ಬರಲಿ.

ಹಿಂದೆ ಒಂದು ಕೈ ಎದ್ದಿತು. ಪಕ್ಕದಲ್ಲಿ ಇನ್ನೆರಡು. ಬಿರಿಯಾನಿ ಯಾರಿಗೆ ಬೇಡ? ಗುಣಪಾಲರು ಅವರನ್ನು ನೋಡಿ ಸಿಟ್ಟಾಗಲಿಲ್ಲ. ಬೆರಳು ತೋರಿಸಿ, ಫೋನಿಗೆ ಕೇಳುವಷ್ಟು ಗಟ್ಟಿಯಾಗಿ ಎಣಿಸಿದರು. ಮೂರು.

"ಎಂಟು ಪಾಲು ಆಗುವವರೆಗೆ ಹೋಗುವುದು ಬೇಡ ಎನ್ನುವವರು?"

ಕೀರ್ತನ್ ತಕ್ಷಣ ಕೈ ಎತ್ತಲಿಲ್ಲ. ಗುಣಪಾಲರನ್ನು ಒಮ್ಮೆ, ಅವರ ಕೈಯಲ್ಲಿದ್ದ ಫೋನನ್ನು ಒಮ್ಮೆ ನೋಡಿದ. ಹೋಟೆಲಿನ ಕೆಲಸ ಆ ಫೋನಿನಲ್ಲಿತ್ತು. ಆಮೇಲೆ ಎತ್ತಿದ. "ಎಣಿಸಿ ಅಣ್ಣ, ನನ್ನಿಂದ ಶುರುಮಾಡಿ" ಎಂದ.

ಗುಣಪಾಲರು ಒಂದು ಎಂದರು. ಎರಡು ಎಂದರು. ಒಬ್ಬೊಬ್ಬರ ಮುಖ ನೋಡಿ, ಕೆಲವರ ಹೆಸರು ಹಿಡಿದು ಎಣಿಸುತ್ತ ಹೋದರು. ನಲವತ್ತು ದಾಟುವಾಗ ಆ ಕಡೆಯಿಂದ ಭೋಜರಾಜರು ಫೋನ್ ಇಟ್ಟರು. ಗುಣಪಾಲರು ಕೊನೆಯ ಕೈಯವರೆಗೂ ಎಣಿಸಿದರು.